ಕಪ್ಪು ಕಿಟಕಿಯಲ್ಲಿ ಸರಿಯಾಗಿ ಓಡುವ ಪ್ರೋಗ್ರಾಂ ನಮ್ಮ ಆ್ಯಪಿನಲ್ಲಿ ಯಾಕೆ ಮುನಿಯುತ್ತದೆ?

ಪ್ರಶ್ನೆ: ಸರ್, ನಾನು ತೀರ್ಥಹಳ್ಳಿ ತಾಲ್ಲೂಕಿನ ಒಂದು ಪಿಯು ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಪಾಠ ಮಾಡುತ್ತೇನೆ. ಮಳೆಗಾಲದಲ್ಲಿ ನಮ್ಮ ಲ್ಯಾಬಿನಲ್ಲಿ ನೆಟ್ ಇರುವ ದಿನಕ್ಕಿಂತ ಇಲ್ಲದ ದಿನವೇ ಹೆಚ್ಚು. ಹಾಗಾಗಿ ಮಕ್ಕಳಿಗೆಂದು ಟಿಕಿಂಟರ್ (ಪೈಥಾನಿನಲ್ಲಿ ಕಿಟಕಿ, ಬಟನ್ ಕಟ್ಟುವ ಲೈಬ್ರರಿ) ಬಳಸಿ ನಾನೇ ಒಂದು ಪುಟ್ಟ ಡೆಸ್ಕ್‌ಟಾಪ್ ಆ್ಯಪ್ ಬರೆಯುತ್ತಿದ್ದೇನೆ. ಮೇಲಿನ ಪೆಟ್ಟಿಗೆಯಲ್ಲಿ ಪೈಥಾನ್ ಕೋಡ್, ಕೆಳಗಿನದರಲ್ಲಿ ಔಟ್‌ಪುಟ್, ನಡುವೆ ‘ಓಡಿಸು’, ‘ನಿಲ್ಲಿಸು’ ಬಟನ್‌ಗಳು. ಎಲ್ಲವೂ ಕನ್ನಡದಲ್ಲಿ. ಒಳಗೆ ಪೈಥಾನ್ ಇಂಟರ್‌ಪ್ರಿಟರನ್ನು (ಕೋಡ್ ಓದಿ ಓಡಿಸುವ ಪ್ರೋಗ್ರಾಂ) ಸಬ್‌ಪ್ರೋಸೆಸ್ ಆಗಿ, ಅಂದರೆ ಕೈಕೆಳಗಿನ ಬೇರೆ ಪ್ರೋಗ್ರಾಂ ಆಗಿ ಶುರು ಮಾಡಿ, ಮಕ್ಕಳ ಕೋಡನ್ನು ಅದರ ಇನ್‌ಪುಟ್‌ಗೆ ಬರೆಯುತ್ತೇನೆ. ಆದರೆ ಪ್ರಿಂಟ್ ಮಾಡಿದ್ದು ಪ್ರೋಗ್ರಾಂ ಮುಗಿಯುವವರೆಗೆ ಕಾಣುವುದಿಲ್ಲ, ಎರರ್ ಮಾತ್ರ ಮೊದಲೇ ಬಂದುಬಿಡುತ್ತದೆ. ಅಷ್ಟು ಹೊತ್ತೂ ಕಿಟಕಿ ‘ನಾಟ್ ರೆಸ್ಪಾಂಡಿಂಗ್’. ಕನ್ನಡ ಪ್ರಿಂಟ್ ಮಾಡಿದರೆ ಯೂನಿಕೋಡ್ ಎರರ್. ಇನ್‌ಪುಟ್ ಕೇಳುವ ಪ್ರೋಗ್ರಾಂ ಅಂತೂ ಏನೇನೋ ಮಾಡುತ್ತದೆ. ಕೊನೆಯಿಲ್ಲದ ಲೂಪ್ ಬರೆದರೆ ನಿಲ್ಲಿಸುವ ದಾರಿಯೇ ಇಲ್ಲ. ಇದೇ ಕೋಡ್ ಕಮಾಂಡ್ ಪ್ರಾಂಪ್ಟಿನ ಕಪ್ಪು ಕಿಟಕಿಯಲ್ಲಿ ಚೆನ್ನಾಗಿ ಓಡುತ್ತದೆ. ಏನು ಮಾಡಲಿ?

ಉತ್ತರ: ಮೇಡಂ, ಅರ್ಧ ಉತ್ತರ ನಿಮ್ಮ ಕೊನೆಯ ಸಾಲಿನಲ್ಲೇ ಇದೆ. ಕಪ್ಪು ಕಿಟಕಿಯಲ್ಲಿ ಸರಿ, ನಿಮ್ಮ ಆ್ಯಪಿನಲ್ಲಿ ತಪ್ಪು ಅಂದರೆ ಬದಲಾದದ್ದು ಮಕ್ಕಳ ಕೋಡ್ ಅಲ್ಲ, ಇಂಟರ್‌ಪ್ರಿಟರಿನ ನಡತೆ. ಪೈಥಾನ್ ಏಳುವಾಗಲೇ ತನ್ನ ಇನ್‌ಪುಟ್, ಔಟ್‌ಪುಟ್‌ಗಳ ಆಚೆ ತುದಿಯಲ್ಲಿ ಟರ್ಮಿನಲ್ (ಆ ಕಪ್ಪು ಕಿಟಕಿಯಂಥದ್ದು) ಇದೆಯೇ ಎಂದು ಆಪರೇಟಿಂಗ್ ಸಿಸ್ಟಮನ್ನು ಕೇಳಿಕೊಳ್ಳುತ್ತದೆ. ಇದ್ದರೆ ಎದುರಿಗೆ ಮನುಷ್ಯ ಕೂತಿದ್ದಾನೆ ಎಂದುಕೊಳ್ಳುತ್ತದೆ. ಟರ್ಮಿನಲ್ ಇಲ್ಲದೆ ಬರೀ ಪೈಪ್ (ಎರಡು ಪ್ರೋಗ್ರಾಂಗಳ ನಡುವಿನ ಕೊಳವೆ) ಇದ್ದರೆ ಇನ್ನೊಂದು ಪ್ರೋಗ್ರಾಂ ಇದೆ ಎಂದುಕೊಂಡು ಬೇರೆಯದೇ ರೀತಿಯಲ್ಲಿ ನಡೆದುಕೊಳ್ಳುತ್ತದೆ. ಡಗ್ ಮ್ಯಾಕಿಲ್‌ರಾಯ್ ಅವರ ಒತ್ತಾಯಕ್ಕೆ 1973ರಲ್ಲಿ ಕೆನ್ ಥಾಮ್ಸನ್ ಯುನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಮಿಗೆ ಪೈಪ್ ಸೇರಿಸಿದ್ದು ಒಂದು ಪ್ರೋಗ್ರಾಂನ ಔಟ್‌ಪುಟ್ ನೇರವಾಗಿ ಇನ್ನೊಂದಕ್ಕೆ ಹರಿಯಲಿ ಎಂದು. ಆ ತುದಿಯಲ್ಲಿ ಒಬ್ಬ ಹುಡುಗ ಸಾಲು ಸಾಲಾಗಿ ಉತ್ತರ ಕಾಣಲಿ ಎಂದು ಕಾಯುತ್ತಿರುತ್ತಾನೆ ಅನ್ನುವ ಲೆಕ್ಕ ಅದರಲ್ಲಿಲ್ಲ.

ಮೊದಲು ಪ್ರಿಂಟ್ ತಡವಾಗುವುದನ್ನು ನೋಡೋಣ. ಟರ್ಮಿನಲ್ ಇದ್ದಾಗ ಪೈಥಾನ್ ಪ್ರತಿ ಸಾಲು ಮುಗಿದ ಕೂಡಲೇ ಅದನ್ನು ಹೊರಗೆ ತಳ್ಳುತ್ತದೆ. ಪೈಪ್ ಇದ್ದಾಗ ಸಾಲುಗಳನ್ನು ಬಫರ್ ಎಂಬ ತಾತ್ಕಾಲಿಕ ಜಾಗದಲ್ಲಿ ಕೂಡಿಟ್ಟು, ಕೆಲವು ಕಿಲೋಬೈಟ್ ಆದ ಮೇಲೆ ಒಟ್ಟಿಗೆ ಕಳಿಸುತ್ತದೆ. ತೋಟದಿಂದ ಅಡಿಕೆ ಹೊರುವವನು ಹೆಡಿಗೆ ತುಂಬದೆ ಮನೆ ಕಡೆ ಹೊರಡುವುದಿಲ್ಲವಲ್ಲ, ಹಾಗೆ. ಮಕ್ಕಳ ಪ್ರೋಗ್ರಾಂ ಹತ್ತು ಸಾಲು ಪ್ರಿಂಟ್ ಮಾಡಿದರೆ ಬಫರ್ ತುಂಬುವುದೇ ಇಲ್ಲ. ಪ್ರೋಗ್ರಾಂ ಮುಗಿದಾಗ ಎಲ್ಲ ಒಮ್ಮೆಗೇ ಬಂದು ಬೀಳುತ್ತದೆ. ಎರರ್ ಹೋಗುವುದು ಸ್ಟಾಂಡರ್ಡ್ ಎರರ್ ಎಂಬ ಬೇರೆ ಹಾದಿಯಲ್ಲಿ. ಪೈಥಾನ್ 3.9ರಿಂದ ಈಚೆಗೆ ಆ ಹಾದಿಯಲ್ಲಿ ಪೈಪ್ ಇದ್ದರೂ ಸಾಲು ಮುಗಿದ ಕೂಡಲೇ ಹೊರಗೆ ಬರುತ್ತದೆ. ಎರರ್ ಮೊದಲು, ಪ್ರಿಂಟ್ ಆಮೇಲೆ ಎಂಬ ನಿಮ್ಮ ವಿಚಿತ್ರಕ್ಕೆ ಕಾರಣ ಇಷ್ಟೇ. ಪೈಥಾನನ್ನು ‘-ಯು’ ಸ್ವಿಚ್ ಹಾಕಿ ಶುರು ಮಾಡಿದರೆ ಕೂಡಿಡುವುದು ನಿಲ್ಲುತ್ತದೆ.

ಯೂನಿಕೋಡ್ ಎರರಿನ ಬೇರೂ ಅಲ್ಲೇ. ವಿಂಡೋಸಿನಲ್ಲಿ ಪೈಥಾನ್ 3.6ರಿಂದ ಈಚೆಗೆ ಕಪ್ಪು ಕಿಟಕಿಗೆ ಬರೆಯುವಾಗ, ಎಲ್ಲ ಭಾಷೆಯ ಅಕ್ಷರಗಳನ್ನೂ ಬೈಟ್‌ಗಳಾಗಿ ಬರೆಯಬಲ್ಲ ಯುಟಿಎಫ್-8 ಬಳಸುತ್ತದೆ. ಪೈಪಿಗೆ ಬರೆಯುವಾಗ ಮಾತ್ರ ಬಹುಕಾಲ ವಿಂಡೋಸಿನ ಹಳೆಯ ಕೋಡ್ ಪೇಜನ್ನೇ (ಕೆಲವೇ ಅಕ್ಷರಗಳಿರುವ ಪಟ್ಟಿ) ಹಿಡಿದುಕೊಂಡಿತ್ತು. ಲ್ಯಾಬುಗಳಲ್ಲಿರುವ ಪೈಥಾನ್‌ಗಳು ಹೆಚ್ಚಾಗಿ ಅಂಥವೇ. ಸಾಮಾನ್ಯವಾಗಿ ಆ ಕೋಡ್ ಪೇಜ್ 1252. ಅದರಲ್ಲಿ ಕನ್ನಡದ ಒಂದು ಅಕ್ಷರಕ್ಕೂ ಜಾಗವಿಲ್ಲ, ಆದ್ದರಿಂದ ಪೈಥಾನ್ ಕೈಚೆಲ್ಲುತ್ತದೆ. ‘-ಎಕ್ಸ್ ಯುಟಿಎಫ್8’ ಎಂಬ ಸ್ವಿಚ್ ಕೊಟ್ಟರೆ ಪೈಪಿಗೂ ಯುಟಿಎಫ್-8 ಬರುತ್ತದೆ. ಆದರೆ ನಿಮ್ಮ ಕಡೆಯಲ್ಲಿ ಇನ್ನೊಂದು ತೊಡಕು ಇದೆ. ಕನ್ನಡದ ಪ್ರತಿ ಕೋಡ್‌ಪಾಯಿಂಟ್ (ವ್ಯಂಜನಕ್ಕೂ ಸ್ವರಚಿಹ್ನೆಗೂ ಯೂನಿಕೋಡ್ ಕೊಟ್ಟ ಬೇರೆ ಬೇರೆ ಸಂಖ್ಯೆ) ಯುಟಿಎಫ್-8ರಲ್ಲಿ 3 ಬೈಟ್. ‘ರಾಶಿ’ ಎಂದು ಬರೆದರೆ ಎರಡು ವ್ಯಂಜನ, ಎರಡು ಸ್ವರಚಿಹ್ನೆ ಸೇರಿ 12 ಬೈಟ್. ಪೈಪಿನಿಂದ ಸಿಕ್ಕಷ್ಟು ಬೈಟ್ ಓದಿ ಆಗಲೇ ಡಿಕೋಡ್ ಮಾಡಿದರೆ, ಅಂದರೆ ಅಕ್ಷರಗಳಾಗಿ ಬದಲಿಸಿದರೆ, ಒಂದು ಓದು ಅಕ್ಷರದ ನಡುವೆಯೇ ಮುಗಿದಿರಬಹುದು. ಆಗ ಪ್ರಶ್ನಾರ್ಥಕ ಚಿಹ್ನೆಯಿರುವ ವಜ್ರಾಕೃತಿಗಳು ಕಾಣುತ್ತವೆ, ಅದೂ ಯಾವಾಗಲೋ ಒಮ್ಮೆ ಮಾತ್ರ. ಲೋಪ ಹುಡುಕುವವರಿಗೆ ಇದಕ್ಕಿಂತ ಕಿರಿಕಿರಿ ಇನ್ನೊಂದಿಲ್ಲ. ಅಂದಹಾಗೆ ಕನ್ನಡ ಕೆಟ್ಟು ಕಾಣುವ ಬಗೆಯಲ್ಲೇ ಕಾರಣದ ಸುಳಿವು ಇರುತ್ತದೆ: ಖಾಲಿ ಚೌಕಗಳಾದರೆ ಫಾಂಟ್ ಇಲ್ಲ, ಅರ್ಥವಿಲ್ಲದ ಲ್ಯಾಟಿನ್ ಅಕ್ಷರಗಳ ಸಾಲಾದರೆ ಎನ್‌ಕೋಡಿಂಗ್ ತಪ್ಪಿದೆ, ವಜ್ರಗಳಾದರೆ ಬೈಟ್‌ಗಳು ನಡುವೆ ತುಂಡಾಗಿವೆ.

ಈಗ ಇನ್‌ಪುಟ್. ನಿಮ್ಮ ಇಡೀ ವಿನ್ಯಾಸ ಮುರಿದು ಬೀಳುವುದು ಇಲ್ಲೇ, ಆದ್ದರಿಂದ ಸ್ವಲ್ಪ ನಿಧಾನಿಸೋಣ. ಸ್ಟಾಂಡರ್ಡ್ ಇನ್‌ಪುಟ್ ಎನ್ನುವ ಒಂದೇ ಕೊಳವೆಯಲ್ಲಿ ನೀವು ಕೋಡನ್ನೂ ಕಳಿಸುತ್ತಿದ್ದೀರಿ, ಆ ಕೋಡ್ ಕೇಳುವ ಉತ್ತರವನ್ನೂ ಕಳಿಸಬೇಕೆಂದಿದ್ದೀರಿ. ಒಬ್ಬ ಹುಡುಗಿ ಅಡಿಕೆ ಲೆಕ್ಕದ ಪ್ರೋಗ್ರಾಂ ಬರೆದಳು ಅಂದುಕೊಳ್ಳಿ. ಮೊದಲ ಸಾಲು ಕ್ವಿಂಟಾಲ್‌ನಲ್ಲಿ ತೂಕ ಕೇಳುತ್ತದೆ, ಎರಡನೆಯ ಸಾಲು ದರ ಕೇಳುತ್ತದೆ, ಮೂರನೆಯದು ಗುಣಿಸಿ ಪ್ರಿಂಟ್ ಮಾಡುತ್ತದೆ. ಇಂಟರ್‌ಪ್ರಿಟರನ್ನು ‘-ಐ’ ಸ್ವಿಚ್ ಹಾಕಿ ಸಂವಾದ ರೀತಿಯಲ್ಲಿ ಓಡಿಸಿದರೆ ಅದು ಮೊದಲ ಸಾಲು ಓದಿ ಓಡಿಸುತ್ತದೆ. ಆ ಸಾಲು ತೂಕ ಕೊಡಿ ಎಂದು ಇನ್‌ಪುಟ್ ಕೇಳಿದಾಗ ಕೊಳವೆಯಲ್ಲಿ ಮುಂದೆ ನಿಂತಿರುವುದು ಎರಡನೆಯ ಸಾಲಿನ ಕೋಡ್! ಅದನ್ನೇ ತೂಕ ಎಂದು ತೆಗೆದುಕೊಂಡುಬಿಡುತ್ತದೆ. ‘-ಐ’ ಇಲ್ಲದೆ ಓಡಿಸಿದರೆ ಕೊಳವೆ ಮುಚ್ಚುವವರೆಗೆ ಎಲ್ಲವನ್ನೂ ಕೋಡ್ ಎಂದೇ ಓದಿಕೊಂಡು ಆಮೇಲೆ ಓಡಿಸುತ್ತದೆ, ಇನ್‌ಪುಟ್ ಕೇಳುವ ಹೊತ್ತಿಗೆ ಓದಲು ಏನೂ ಉಳಿದಿರುವುದಿಲ್ಲ, ಇಓಎಫ್ ಎರರ್ (ಇನ್‌ಪುಟ್ ಮುಗಿದಿದೆ ಎಂಬ ದೂರು) ಬರುತ್ತದೆ. ‘-ಐ’ಗೆ ಇನ್ನೂ ಒಂದು ಚಾಳಿ ಇದೆ: ಫಂಕ್ಷನ್ ನಡುವೆ ಮಕ್ಕಳು ಓದಲು ಅನುಕೂಲವಾಗಲಿ ಎಂದು ಒಂದು ಖಾಲಿ ಸಾಲು ಬಿಟ್ಟರೆ ಫಂಕ್ಷನ್ ಅಲ್ಲಿಗೇ ಮುಗಿಯಿತು ಎಂದುಕೊಳ್ಳುತ್ತದೆ. ಮುಂದಿನ ಸಾಲಿಗೆ ಇಂಡೆಂಟೇಶನ್ ಎರರ್. ಮಕ್ಕಳಿಗೆ ಖಾಲಿ ಸಾಲು ಬಿಡಬೇಡಿ ಎಂದು ಹೇಳುವುದು ಪರಿಹಾರವಲ್ಲ.

ಹಾಗಾಗಿ ನನ್ನ ಸಲಹೆ ಒಂದೇ. ಇಂಟರ್‌ಪ್ರಿಟರಿನ ಪ್ರಾಂಪ್ಟಿನ ಜೊತೆ ಮಾತಾಡುವುದನ್ನೇ ಬಿಡಿ. ಮೂರು ಬಾಣದ ಗುರುತು ಯಾವಾಗ ಬಂತು, ಉತ್ತರ ಎಲ್ಲಿಗೆ ಮುಗಿಯಿತು ಎಂದು ಊಹಿಸುತ್ತಾ ಕೂತರೆ ಕೊನೆಯಿಲ್ಲ. ಪೈಪ್ ಇದ್ದಾಗ ಆ ಮೂರು ಬಾಣವೂ ಸ್ಟಾಂಡರ್ಡ್ ಎರರ್ ಹಾದಿಯಲ್ಲೇ ಬರುತ್ತದೆ, ಮಕ್ಕಳ ಪ್ರೋಗ್ರಾಂ ತಾನೇ ಮೂರು ಬಾಣ ಪ್ರಿಂಟ್ ಮಾಡಬಾರದೆಂಬ ಕಾನೂನೂ ಇಲ್ಲ. ಬದಲಿಗೆ ಪೈಥಾನಿನಲ್ಲೇ ಐವತ್ತು ಅರವತ್ತು ಸಾಲಿನ ಒಂದು ನಡುವಿನ ಸ್ಕ್ರಿಪ್ಟ್ ಬರೆಯಿರಿ. ಅದನ್ನು ಇಲ್ಲಿ ಚಾಲಕ ಎನ್ನುತ್ತೇನೆ. ನಿಮ್ಮ ಆ್ಯಪ್ ಶುರು ಮಾಡುವುದು ಈ ಚಾಲಕನನ್ನು. ಮಕ್ಕಳ ಕೋಡನ್ನು ಓಡಿಸುವುದು ಚಾಲಕನ ಕೆಲಸ.

ಆ್ಯಪ್ ಮತ್ತು ಚಾಲಕನ ನಡುವೆ ಸಂದೇಶಗಳು ಜೇಸನ್ ಎಂಬ ಪಠ್ಯರೂಪದಲ್ಲಿ ಹೋಗಲಿ, ಒಂದು ಸಾಲಿಗೆ ಒಂದು ಸಂದೇಶ. ಆ್ಯಪಿನಿಂದ ಹೋಗುವುದು ಮೂರೇ ಬಗೆ: ‘ಓಡಿಸು’ ಮತ್ತು ಅದರ ಜೊತೆ ಪೂರ್ತಿ ಕೋಡ್, ‘ಉತ್ತರ’ ಮತ್ತು ಬಳಕೆದಾರರು ಬರೆದ ಪಠ್ಯ, ‘ನಿಲ್ಲಿಸು’. ಚಾಲಕನಿಂದ ಬರುವುದು ‘ಪ್ರಿಂಟ್’, ‘ಇನ್‌ಪುಟ್ ಬೇಕು’, ‘ಎರರ್’, ‘ಮುಗಿಯಿತು’. ಪೈಥಾನಿನ ಜೇಸನ್ ಮಾಡ್ಯೂಲ್ ಯಾವ ಸೆಟ್ಟಿಂಗನ್ನೂ ಮುಟ್ಟದಿದ್ದರೆ ಕನ್ನಡ ಅಕ್ಷರಗಳನ್ನು ಹಿಂಗೆರೆ-ಯು ಮತ್ತು ನಾಲ್ಕು ಹೆಕ್ಸ್ ಅಂಕಿಗಳಾಗಿ ಬದಲಿಸಿ ಬರೆಯುತ್ತದೆ. ಸಾಲು ಬಿಡುವ ಚಿಹ್ನೆಯನ್ನೂ ಹಾಗೇ ಬದಲಿಸುತ್ತದೆ. ಅಂದರೆ ಪೈಪಿನಲ್ಲಿ ಹರಿಯುವುದು ಬರೀ ಆಸ್ಕಿ, ಇಂಗ್ಲಿಷಿನ ಅಕ್ಷರ, ಅಂಕಿ, ಚಿಹ್ನೆಗಳು ಮಾತ್ರ. ಕೋಡ್ ಪೇಜ್ ಯಾವುದಾದರೂ ಇರಲಿ, ಬೈಟ್ ಎಲ್ಲಾದರೂ ತುಂಡಾಗಲಿ, ಸಾಲು ಪೂರ್ತಿ ಬಂದ ಮೇಲೆ ಓದಿದರೆ ಕನ್ನಡ ಕೆಡುವುದಿಲ್ಲ. ಹೆಕ್ಸ್ ಸಂಖ್ಯೆಗಳನ್ನು ಕಂಡು ಕೆಲವರು ಆ ಸೌಲಭ್ಯವನ್ನು ಆಫ್ ಮಾಡಿಬಿಡುತ್ತಾರೆ. ಇಲ್ಲಿ ಅದು ಹಾಗೇ ಇರಲಿ.

ಚಾಲಕನ ಒಳಗೆ ಎರಡು ಎಳೆ ಬೇಕು, ಅಂದರೆ ಏಕಕಾಲಕ್ಕೆ ನಡೆಯುವ ಎರಡು ಥ್ರೆಡ್. ಒಂದು ಥ್ರೆಡ್ ಸದಾ ಸ್ಟಾಂಡರ್ಡ್ ಇನ್‌ಪುಟ್ ಓದುತ್ತಾ ಕೂತಿರುತ್ತದೆ. ಮುಖ್ಯ ಥ್ರೆಡ್ಡಿನಲ್ಲಿ ಮಕ್ಕಳ ಕೋಡ್ ಓಡುತ್ತದೆ. ಇದನ್ನು ಉಲ್ಟಾ ಮಾಡಬೇಡಿ. ಆಮೆ ಚಿತ್ರದ ಟರ್ಟಲ್ ಪ್ರೋಗ್ರಾಂಗಳಿಗೆ ಮುಖ್ಯ ಥ್ರೆಡ್ಡೇ ಬೇಕು, ಮತ್ತು ಪೈಥಾನಿನಲ್ಲಿ ಹೊರಗಿನಿಂದ ತಡೆಯಲು ಬರುವುದೂ ಮುಖ್ಯ ಥ್ರೆಡ್ಡನ್ನೇ. ಓಡಿಸುವ ಮೊದಲು ‘ಸಿಸ್’ ಮಾಡ್ಯೂಲಿನ ಸ್ಟಾಂಡರ್ಡ್ ಔಟ್‌ಪುಟ್ ಜಾಗದಲ್ಲಿ ನಿಮ್ಮದೇ ಒಂದು ಆಬ್ಜೆಕ್ಟ್ ಕೂರಿಸಿ. ಅದರ ‘ರೈಟ್’ ಮೆಥಡ್ ಬಂದ ಪಠ್ಯವನ್ನು ‘ಪ್ರಿಂಟ್’ ಸಂದೇಶವಾಗಿ ಕಟ್ಟಿ ಕಳಿಸಿ ಆಗಲೇ ಫ್ಲಶ್ ಮಾಡಲಿ, ಅಂದರೆ ಬಫರಿನಿಂದ ಹೊರಗೆ ತಳ್ಳಲಿ. ಹಾಗೆಯೇ ‘ಇನ್‌ಪುಟ್’ ಫಂಕ್ಷನ್ನಿನ ಜಾಗದಲ್ಲಿ ನಿಮ್ಮ ಫಂಕ್ಷನ್ ಇಡಿ. ಅದು ‘ಇನ್‌ಪುಟ್ ಬೇಕು’ ಎಂದು ಕಳಿಸಿ, ಓದುವ ಥ್ರೆಡ್ ಒಂದು ಕ್ಯೂನಲ್ಲಿ (ಸರದಿ ಸಾಲು) ಉತ್ತರ ಹಾಕುವವರೆಗೆ ಕಾಯುತ್ತದೆ. ಈಗ ಕೋಡ್ ಬೇರೆ, ಉತ್ತರ ಬೇರೆ. ತೂಕ ಕೇಳಿದಾಗ ನಿಮ್ಮ ಕಿಟಕಿಯಲ್ಲಿ ಒಂದು ಪುಟ್ಟ ಪೆಟ್ಟಿಗೆ ತೆರೆಯಬಹುದು, ಅಥವಾ ಔಟ್‌ಪುಟ್ ಜಾಗದಲ್ಲೇ ಬರೆಯಲು ಬಿಡಬಹುದು. ಅದು ನಿಮ್ಮ ಇಷ್ಟ. ಒಂದು ಎಚ್ಚರಿಕೆ: ಸಿ ಭಾಷೆಯಲ್ಲಿ ಬರೆದ ಕೆಲವು ಲೈಬ್ರರಿಗಳು ನಿಮ್ಮ ಆಬ್ಜೆಕ್ಟನ್ನು ಕೇಳದೆ ನೇರ ಒಂದನೆಯ ಫೈಲ್ ಡಿಸ್ಕ್ರಿಪ್ಟರಿಗೇ (ಸ್ಟಾಂಡರ್ಡ್ ಔಟ್‌ಪುಟ್‌ಗೆ ಆಪರೇಟಿಂಗ್ ಸಿಸ್ಟಮ್ ಇಟ್ಟ ಸಂಖ್ಯೆ) ಬರೆದು ಸಂದೇಶಗಳ ನಡುವೆ ಕಸ ಹಾಕುತ್ತವೆ. ಶುರುವಿನಲ್ಲೇ ಅದರ ನಕಲು ಒಂದನ್ನು ಸಂದೇಶಗಳಿಗೆಂದು ಎತ್ತಿಟ್ಟುಕೊಂಡು, ಮೂಲವನ್ನು ಸ್ಟಾಂಡರ್ಡ್ ಎರರ್ ಕಡೆ ತಿರುಗಿಸಿ.

ಚಾಲಕ ನಿಮ್ಮದೇ ಆದ್ದರಿಂದ ಎರರುಗಳನ್ನು ಕನ್ನಡದಲ್ಲಿ ಹೇಳುವ ದಾರಿಯೂ ಸಿಗುತ್ತದೆ. ಎಕ್ಸೆಪ್ಷನ್ (ಪೈಥಾನ್ ಎಬ್ಬಿಸುವ ಎರರ್) ಹಿಡಿದು ಅದರ ಹೆಸರು, ಸಾಲಿನ ಸಂಖ್ಯೆ ಮಾತ್ರ ಕಳಿಸಿ. ಸೊನ್ನೆಯಿಂದ ಭಾಗಿಸಿದರೆ ‘4ನೆಯ ಸಾಲು: ಸೊನ್ನೆಯಿಂದ ಭಾಗಿಸಲು ಬರುವುದಿಲ್ಲ’ ಎಂದು ಆ್ಯಪ್ ತೋರಿಸಲಿ, ಆ ಸಾಲಿಗೆ ಬಣ್ಣವನ್ನೂ ಹಚ್ಚಲಿ. ಟ್ರೇಸ್‌ಬ್ಯಾಕಿನ (ಎರರ್ ಯಾವ ಯಾವ ಸಾಲು ದಾಟಿ ಬಂತೆಂಬ ಪಟ್ಟಿ) ಮೊದಲ ಒಂದೆರಡು ಸಾಲು ನಿಮ್ಮ ಚಾಲಕನವು, ಅವನ್ನು ಕತ್ತರಿಸದಿದ್ದರೆ ಮಕ್ಕಳು ತಾವು ಬರೆಯದ ಕೋಡ್ ನೋಡಿ ಗಾಬರಿಯಾಗುತ್ತಾರೆ. ಮಕ್ಕಳು ಕನ್ನಡದಲ್ಲೇ ವೇರಿಯಬಲ್ ಹೆಸರಿಟ್ಟರೂ ಪೈಥಾನ್ 3 ಒಪ್ಪುತ್ತದೆ. ‘ತೂಕ’, ‘ದರ’ ಎಲ್ಲ ನಡೆಯುತ್ತದೆ. ಆದರೆ ‘ಮಾರ್ಕ್‌ಗಳು’ ಎಂದು ಬರೆಯುವಾಗ ಅರ್ಧಾಕ್ಷರ ಬಿಡಿಸಲು ಹಾಕುವ ಕಾಣದ ಅಕ್ಷರ ಇದೆಯಲ್ಲ, ಅದು ವೇರಿಯಬಲ್ ಹೆಸರಿನಲ್ಲಿ ಬಂದರೆ ಸಿಂಟ್ಯಾಕ್ಸ್ ಎರರ್. ಕಣ್ಣಿಗೆ ಕಾಣದ ಆ ತಪ್ಪಿಗೆ ಒಂದು ವಿಶೇಷ ಕನ್ನಡ ಸಂದೇಶ ಬರೆದಿಡಿ, ನಿಮಗೇ ಉಪಕಾರವಾಗುತ್ತದೆ.

ಇನ್ನು ಕಿಟಕಿ ಹೆಪ್ಪುಗಟ್ಟುವುದು. ಇದಕ್ಕೂ ಇಂಟರ್‌ಪ್ರಿಟರಿಗೂ ಸಂಬಂಧವಿಲ್ಲ, ಇದು ಪೂರ್ತಿ ನಿಮ್ಮ ಕಡೆಯದು. ‘ಓಡಿಸು’ ಒತ್ತಿದಾಗ ಓಡುವ ಫಂಕ್ಷನ್ ಒಳಗೇ ನೀವು ಪೈಪ್ ಓದುತ್ತಾ ಕಾಯುತ್ತಿದ್ದೀರಿ. ಆ ಫಂಕ್ಷನ್ ಹಿಂದಿರುಗುವವರೆಗೆ ಟಿಕಿಂಟರ್ ಮೌಸಿನ ಒತ್ತನ್ನೂ ನೋಡುವುದಿಲ್ಲ, ಕಿಟಕಿಯನ್ನೂ ಮತ್ತೆ ಬಿಡಿಸುವುದಿಲ್ಲ. ಓದುವ ಕೆಲಸವನ್ನು ಬೇರೆ ಥ್ರೆಡ್ಡಿಗೆ ಕೊಡಿ. ಆದರೆ ಆ ಥ್ರೆಡ್ ಟೆಕ್ಸ್ಟ್ ಪೆಟ್ಟಿಗೆಯನ್ನು ಮುಟ್ಟಕೂಡದು, ಓದಿದ್ದನ್ನು ಒಂದು ಕ್ಯೂಗೆ ಹಾಕಿ ಸುಮ್ಮನಿರಬೇಕು. ಮುಖ್ಯ ಥ್ರೆಡ್ ಟಿಕಿಂಟರಿನ ‘ಆಫ್ಟರ್’ ಮೂಲಕ ಪ್ರತಿ 50 ಮಿಲಿಸೆಕೆಂಡಿಗೊಮ್ಮೆ ಬಂದು ಕ್ಯೂನಲ್ಲಿರುವುದನ್ನು ತೆಗೆದು ಬರೆಯುತ್ತದೆ. ಕ್ಯೂಟಿ ಎಂಬ ಇನ್ನೊಂದು ಕಿಟಕಿ ಲೈಬ್ರರಿ ಬಳಸುವವರಿಗೆ ಈ ಪಾಡಿಲ್ಲ, ಅದರ ಕ್ಯೂಪ್ರೋಸೆಸ್ ಓದಲು ಏನಾದರೂ ಬಂದಾಗ ತಾನೇ ಸಿಗ್ನಲ್ ಕೊಡುತ್ತದೆ. ಇದೊಂದಕ್ಕಾಗಿ ಟಿಕಿಂಟರ್ ಬಿಟ್ಟು ಹೋಗಬೇಕಿಲ್ಲ.

ಆ ಕ್ಯೂಗೆ ಒಂದು ಮಿತಿ ಇಡುವುದನ್ನು ಮರೆಯಬೇಡಿ. ಯಾವನೋ ಒಬ್ಬ ಹುಡುಗ ಕೊನೆಯಿಲ್ಲದ ಲೂಪಿನಲ್ಲಿ ತನ್ನ ಹೆಸರು ಪ್ರಿಂಟ್ ಮಾಡುವುದು ಖಂಡಿತ, ಬಹುಶಃ ಮೊದಲ ದಿನವೇ. ಮಿತಿಯಿಲ್ಲದ ಕ್ಯೂ ಲ್ಯಾಬಿನ ಹಳೆಯ ಕಂಪ್ಯೂಟರಿನ ಮೆಮೊರಿಯನ್ನೆಲ್ಲ ನುಂಗುತ್ತದೆ. ಮಿತಿ ಇದ್ದರೆ ಕ್ಯೂ ತುಂಬಿದಾಗ ಓದುವ ಥ್ರೆಡ್ ನಿಲ್ಲುತ್ತದೆ, ಆಗ ಪೈಪ್ ತುಂಬುತ್ತದೆ. ಪೈಪಿಗೂ ಅಳತೆ ಇದೆ, ಲಿನಕ್ಸಿನಲ್ಲಿ ಸಾಮಾನ್ಯವಾಗಿ 64 ಕಿಲೋಬೈಟ್. ಪೈಪ್ ತುಂಬಿದ ಮೇಲೆ ಆ ಹುಡುಗನ ಪ್ರಿಂಟ್ ತಾನೇ ತಡೆದು ನಿಲ್ಲುತ್ತದೆ. ಯಾರೂ ಯಾರಿಗೂ ಹೇಳದೆ ವೇಗ ಹೊಂದಿಕೊಳ್ಳುತ್ತದೆ. ಟೆಕ್ಸ್ಟ್ ಪೆಟ್ಟಿಗೆಯಲ್ಲೂ ಕೊನೆಯ ಕೆಲವು ಸಾವಿರ ಸಾಲು ಮಾತ್ರ ಉಳಿಸಿಕೊಂಡು ಹಳೆಯದನ್ನು ಅಳಿಸಿ. ಇದೇ ಅಳತೆಯಿಂದ ಇನ್ನೊಂದು ಕಡೆ ಪೆಟ್ಟು ಬೀಳುತ್ತದೆ: ಸ್ಟಾಂಡರ್ಡ್ ಎರರಿಗೂ ಬೇರೆ ಪೈಪ್ ಹಾಕಿ ಅದನ್ನು ಓದದೆ ಬಿಟ್ಟರೆ, ಅದು ತುಂಬಿದ ದಿನ ಚಾಲಕ ಅಲ್ಲೇ ನಿಲ್ಲುತ್ತಾನೆ. ನೀವು ಔಟ್‌ಪುಟ್‌ಗಾಗಿ ಕಾಯುತ್ತೀರಿ, ಅವನು ಎರರ್ ಓದಲಿ ಎಂದು ಕಾಯುತ್ತಾನೆ. ಇಬ್ಬರೂ ಅಲ್ಲಾಡುವುದಿಲ್ಲ. ಎರಡಕ್ಕೂ ಓದುವವರನ್ನು ಇಡಿ.

‘ನಿಲ್ಲಿಸು’ ಬಟನ್‌ಗೆ ಎರಡು ಹಂತ ಬೇಕು. ಮೊದಲು ‘ನಿಲ್ಲಿಸು’ ಸಂದೇಶ ಕಳಿಸಿ. ಚಾಲಕನ ಓದುವ ಥ್ರೆಡ್ ಅದನ್ನು ಕಂಡ ಕೂಡಲೇ ‘ಇಂಟರಪ್ಟ್ ಮೇನ್’ ಕರೆದರೆ, ಮುಖ್ಯ ಥ್ರೆಡ್ಡಿನಲ್ಲಿ ಕಂಟ್ರೋಲ್-ಸಿ ಒತ್ತಿದಾಗ ಬರುವಂಥದ್ದೇ ಎಕ್ಸೆಪ್ಷನ್ ಏಳುತ್ತದೆ. ಸಾಮಾನ್ಯ ಲೂಪುಗಳೆಲ್ಲ ಇಷ್ಟಕ್ಕೇ ನಿಲ್ಲುತ್ತವೆ, ವೇರಿಯಬಲ್‌ಗಳೂ ಉಳಿಯುತ್ತವೆ. ಚಾಲಕ ಇನ್‌ಪುಟ್‌ಗಾಗಿ ಕಾಯುತ್ತಿದ್ದರೆ ಅದೇ ಕ್ಯೂಗೂ ‘ನಿಲ್ಲಿಸು’ ಹಾಕಿ, ವಿಂಡೋಸಿನಲ್ಲಿ ಕಾಯುವ ಕ್ಯೂ ಬೇರೆ ಯಾವುದಕ್ಕೂ ಎಚ್ಚರವಾಗದಿರಬಹುದು. ಎಕ್ಸೆಪ್ಷನ್ ಏಳುವುದು ಪೈಥಾನಿನ ಒಂದು ಸೂಚನೆ ಮುಗಿದು ಇನ್ನೊಂದಕ್ಕೆ ಹೋಗುವಾಗ ಮಾತ್ರ. ಕೋಟಿಗಟ್ಟಲೆ ಅಂಕಿಗಳ ಘಾತವನ್ನು ಒಂದೇ ಸಾಲಿನಲ್ಲಿ ಲೆಕ್ಕ ಹಾಕಿಸಿದ್ದರೆ ಅದು ಒಳಗಿನ ಸಿ ಕೋಡಿನಲ್ಲಿ ಮುಳುಗಿರುತ್ತದೆ, ಕೇಳಿಸಿಕೊಳ್ಳುವುದಿಲ್ಲ. ಎರಡು ಸೆಕೆಂಡ್ ಕಾದು, ನಿಲ್ಲದಿದ್ದರೆ ಪ್ರೋಸೆಸನ್ನೇ ಕೊಂದು ಹೊಸ ಚಾಲಕನನ್ನು ಶುರು ಮಾಡಿ. ಬೇರೆ ಪ್ರೋಸೆಸ್ ಇಟ್ಟುಕೊಂಡ ಲಾಭ ಇದೇ. ಮಕ್ಕಳ ಕೋಡನ್ನು ಆ್ಯಪಿನ ಒಳಗೇ ಓಡಿಸಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಅಲ್ಲಿ ಒಬ್ಬ ಹುಡುಗ ಎಕ್ಸಿಟ್ ಎಂದು ಬರೆದರೆ ನಿಮ್ಮ ಕಿಟಕಿಯೇ ಮುಚ್ಚಿಹೋಗಬಹುದು. ಆದರೆ ಬೇರೆ ಪ್ರೋಸೆಸ್ ಅಂದಮಾತ್ರಕ್ಕೆ ಅದು ಬೇಲಿಯಲ್ಲ. ಆ ಕೋಡಿಗೆ ಫೈಲುಗಳನ್ನು ಅಳಿಸುವ ಅಧಿಕಾರ ನಿಮ್ಮಷ್ಟೇ ಇರುತ್ತದೆ. ಲ್ಯಾಬಿನ ಮಕ್ಕಳಿಗೆ ಅಡ್ಮಿನ್ ಅಲ್ಲದ ಖಾತೆ ಕೊಡಿ.

ಚಾಲಕನನ್ನು ಶುರು ಮಾಡುವಾಗ ಆರ್ಗ್ಯುಮೆಂಟುಗಳನ್ನು ಪಟ್ಟಿಯಾಗಿ ಕೊಡಿ, ಶೆಲ್ (ಕಮಾಂಡ್ ಓದಿ ಓಡಿಸುವ ಪ್ರೋಗ್ರಾಂ) ಬಳಸಬೇಡಿ. ಶೆಲ್ ಇದ್ದರೆ ವಿಂಡೋಸಿನಲ್ಲಿ ನೀವು ಕೊಲ್ಲುವುದು ಶೆಲ್ಲನ್ನು, ಅದರ ಮಗು ಪೈಥಾನ್ ಹಿಂದೆ ಓಡುತ್ತಲೇ ಇರುತ್ತದೆ. ‘ಕ್ರಿಯೇಟ್ ನೋ ವಿಂಡೋ’ ಎಂಬ ಫ್ಲ್ಯಾಗ್ ಕೊಟ್ಟರೆ ಕಪ್ಪು ಕಿಟಕಿ ಮಿಂಚಿ ಮರೆಯಾಗುವುದು ತಪ್ಪುತ್ತದೆ. ಮುಂದೆ ಪೈಇನ್‌ಸ್ಟಾಲರ್‌ನಿಂದ ಆ್ಯಪನ್ನು ಒಂದೇ ಫೈಲ್ ಮಾಡಿ ಪೆನ್‌ಡ್ರೈವಿನಲ್ಲಿ ಹಂಚುವ ಯೋಚನೆ ನಿಮಗೆ ಬಂದೇ ಬರುತ್ತದೆ. ಆಗ ಒಂದು ಬಲೆ ಕಾದಿದೆ. ಪೈಥಾನ್ ಎಲ್ಲಿದೆ ಎಂದು ‘ಸಿಸ್’ ಮಾಡ್ಯೂಲಿನ ಎಕ್ಸಿಕ್ಯೂಟಬಲ್ ಅನ್ನು ಕೇಳಿದರೆ, ಕಟ್ಟಿದ ಆ್ಯಪಿನಲ್ಲಿ ಅದು ತೋರಿಸುವುದು ಆ್ಯಪನ್ನೇ. ಆ್ಯಪ್ ಚಾಲಕನೆಂದುಕೊಂಡು ತನ್ನನ್ನೇ ಶುರು ಮಾಡುತ್ತದೆ, ಆ ಹೊಸ ಕಿಟಕಿ ಮತ್ತೊಂದನ್ನು. ಕಂಪ್ಯೂಟರ್ ಆರಿಸುವುದೊಂದೇ ದಾರಿ ಆಗುವಷ್ಟು ಕಿಟಕಿಗಳು! ಆ್ಯಪಿಗೆ ‘ಚಾಲಕ’ ಎಂಬ ಆರ್ಗ್ಯುಮೆಂಟ್ ಬಂದರೆ ಕಿಟಕಿ ತೆರೆಯದೆ ಚಾಲಕನ ಕೋಡಿಗೆ ಹೋಗುವಂತೆ ಮೊದಲ ಸಾಲಿನಲ್ಲೇ ಬರೆಯಿರಿ. ಪೈಥಾನಿನ ಎಂಬೆಡಬಲ್ ಜಿಪ್ಪನ್ನು (ಇನ್‌ಸ್ಟಾಲ್ ಮಾಡದೆ ಓಡುವ ಪುಟ್ಟ ಪೈಥಾನ್) ಜೊತೆಗಿಡುವ ದಾರಿಯೂ ಇದೆ, ಆದರೆ ಅದರಲ್ಲಿ ಟಿಕಿಂಟರ್ ಇರುವುದಿಲ್ಲ, ಹಾಗಾಗಿ ಟರ್ಟಲ್ ಓಡುವುದಿಲ್ಲ.

ಪೈಪ್ ಬಿಟ್ಟು ಇಂಟರ್‌ಪ್ರಿಟರಿಗೆ ನಿಜವಾದ ಟರ್ಮಿನಲ್ ಇದೆ ಎಂದೇ ನಂಬಿಸಲು ಬರುವುದಿಲ್ಲವೇ ಎಂದು ನೀವು ಕೇಳಬಹುದು. ಬರುತ್ತದೆ. ಲಿನಕ್ಸಿನಲ್ಲಿ ಹುಸಿ ಟರ್ಮಿನಲ್ ಹಳೆಯ ಸೌಲಭ್ಯ, ವಿಂಡೋಸ್ 10ಕ್ಕೆ 2018ರಲ್ಲಿ ಅಂಥದ್ದೇ ಕಾನ್‌ಪಿಟಿವೈ ಬಂತು. ಆಗ ಬಫರಿನ ಕಾಟ ಇಲ್ಲ. ಆದರೆ ಬಣ್ಣದ ಸಂಕೇತಗಳು, ಕರ್ಸರ್ ಸರಿಸುವ ಸಂಕೇತಗಳು, ನೀವು ಬರೆದದ್ದೇ ಪ್ರತಿಧ್ವನಿಯಾಗಿ ಹಿಂದೆ ಬರುವುದು, ಇವನ್ನೆಲ್ಲ ನೀವೇ ಬಿಡಿಸಿಕೊಳ್ಳಬೇಕು. ಪಾಠದ ಆ್ಯಪ್ ಬರೆಯಲು ಹೊರಟವರು ಟರ್ಮಿನಲ್ ಬರೆಯುತ್ತಾ ಕೂರಬೇಕಾಗುತ್ತದೆ. ಮಕ್ಕಳು ಸಿ ಭಾಷೆಯಲ್ಲಿ ಕಂಪೈಲ್ ಮಾಡಿದ ಪ್ರೋಗ್ರಾಂ ಓಡಿಸಬೇಕಾದರೆ ಆ ದಾರಿಗೆ ಅರ್ಥವಿದೆ, ಅಲ್ಲಿ ಒಳಗೆ ಚಾಲಕನನ್ನು ಕೂರಿಸಲು ಬರುವುದಿಲ್ಲ. ಪೈಥಾನಿಗೆ ಬೇಡ. ಪೈಥಾನಿನ ಜೊತೆಗೇ ಬರುವ ಐಡಲ್ ಎಂಬ ಎಡಿಟರ್ ಕೂಡ ಮಕ್ಕಳ ಕೋಡನ್ನು ಬೇರೆ ಪ್ರೋಸೆಸ್ಸಿನಲ್ಲಿ ಓಡಿಸಿ ಅದರೊಡನೆ ಸಾಕೆಟ್ ಮೂಲಕ ಮಾತಾಡುತ್ತದೆ. ಜುಪಿಟರ್ ಎಂಬ ನೋಟ್‌ಬುಕ್ ತಂತ್ರಾಂಶ ಒಂದು ಹೆಜ್ಜೆ ಮುಂದೆ ಹೋಗಿ, ಕೋಡಿಗೆ ಒಂದು, ಔಟ್‌ಪುಟ್‌ಗೆ ಒಂದು, ಇನ್‌ಪುಟ್‌ಗೆ ಒಂದು, ನಿಲ್ಲಿಸುವಂಥ ಆಜ್ಞೆಗಳಿಗೆ ಒಂದು, ಬದುಕಿದೆಯೇ ಎಂದು ನೋಡಲು ಒಂದು, ಹೀಗೆ ಐದು ಬೇರೆ ಬೇರೆ ಹಾದಿ ಇಟ್ಟುಕೊಂಡಿದೆ. ನಿಮ್ಮ ಲ್ಯಾಬಿಗೆ ಅಷ್ಟು ಬೇಕಿಲ್ಲ.

ಮಕ್ಕಳ ಕೈಗೆ ಕೊಡುವ ಮುಂಚೆ ಒಂದು ಪರೀಕ್ಷೆ ಮಾಡಿ. ಕೊನೆಯಿಲ್ಲದ ಲೂಪ್ ಓಡುತ್ತಿರುವಾಗಲೇ ಆ್ಯಪಿನ ಕಿಟಕಿಯನ್ನು ಮೂಲೆಯ × ಗುರುತು ಒತ್ತಿ ಮುಚ್ಚಿ, ಟಾಸ್ಕ್ ಮ್ಯಾನೇಜರ್ ತೆರೆದು ಪೈಥಾನ್ ಉಳಿದಿದೆಯೇ ನೋಡಿ. ಉಳಿದಿದ್ದರೆ ಅದು ಒಂದು ಕೋರನ್ನು ಪೂರ್ತಿ ತಿನ್ನುತ್ತಾ ಕೂತಿರುತ್ತದೆ. ಕರೆಂಟು ಹೋಗಿ ಯುಪಿಎಸ್ ಮೇಲೆ ಲ್ಯಾಬ್ ನಡೆಯುವಾಗ ಅಂಥ ಹತ್ತು ಪೈಥಾನ್ ಇದ್ದರೆ ಬ್ಯಾಟರಿ ಬೇಗ ಇಳಿಯುತ್ತದೆ. ಆ್ಯಪ್ ಸತ್ತರೆ ಅದರ ಕಡೆಯ ಪೈಪ್ ತಾನೇ ಮುಚ್ಚುತ್ತದೆ. ಚಾಲಕನ ಓದುವ ಥ್ರೆಡ್‌ಗೆ ಆಗ ಇನ್‌ಪುಟ್ ಮುಗಿಯಿತು ಎಂಬ ಸೂಚನೆ ಬರುತ್ತದೆ. ಆ ಜಾಗದಲ್ಲಿ ‘ಓಎಸ್’ ಮಾಡ್ಯೂಲಿನ, ಅಡಿಗೆರೆಯಿಂದ ಶುರುವಾಗುವ ‘ಎಕ್ಸಿಟ್’ ಕರೆಯಿರಿ. ಸಾಮಾನ್ಯ ಎಕ್ಸಿಟ್ ಆ ಥ್ರೆಡ್ಡನ್ನು ಮಾತ್ರ ಮುಗಿಸುತ್ತದೆ, ಲೂಪ್ ನಿಲ್ಲುವುದಿಲ್ಲ.